ಹೃದ್ರೋಗಿಗೆ ಅವನ ಲೆಕ್ಕ ಒಪ್ಪಿಸಿರಿ



ಸಹಕಾರ ಸಂಘದ ಸದಸ್ಯನಾದ ಪ್ರತಿಯೊಬ್ಬನಿಗೂ ತನ್ನ ಖಾತೆಯ ಲೆಕ್ಕ ನೋಡುವ ಹಕ್ಕಿದೆ. ಸಾಲವೆಷ್ಟು, ಬಡ್ಡಿಯೆಷ್ಟು, ಒಪ್ಪಿಸಿದ ಮಾಲಿಗೆ ಬಂದ ಹಣವೆಷ್ಟು ಎಂಬುದನ್ನು ಅವನಿಂದ ಮುಚ್ಚಿಟ್ಟರೆ ಅವನು ಮಹಾಸಭೆಯಲ್ಲಿ ಎದ್ದು ನಿಂತು ಕೇಳುತ್ತಾನೆ, ಕೇಳಬೇಕಾದದ್ದೇ. ಆದರೆ ಅದೇ ಬೆಳೆಗಾರ ಎದೆನೋವಿನಿಂದ ಆಸ್ಪತ್ರೆ ಸೇರಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳಿದ ಮೇಲೆ ಅವನ ಶರೀರದ ಲೆಕ್ಕ ಅವನಿಗೇ ತಿಳಿದಿರುವುದಿಲ್ಲ. ಆಸ್ಪತ್ರೆಯ ಕಾಗದಪತ್ರ ಬೆಂಗಳೂರಿನ ಮಗನ ಚೀಲದಲ್ಲಿರುತ್ತದೆ. ಮಾತ್ರೆ ತೆಗೆದುಕೊಡುವವರು ಸೊಸೆ. ಯಾವ ಮಾತ್ರೆ ಯಾತಕ್ಕೆಂದು ಕೇಳಿದರೆ, "ಅಪ್ಪಯ್ಯನ ಹತ್ತಿರ ಅದೆಲ್ಲ ಹೇಳುವುದು ಬೇಡ, ಸುಮ್ಮನೆ ಹೆದರಿಕೊಳ್ಳುತ್ತಾರೆ" ಎಂಬ ಉತ್ತರ ಬರುತ್ತದೆ.

ಪ್ರೀತಿಯಿಂದಲೇ ಹುಟ್ಟಿದ ಈ ಪದ್ಧತಿ ತಪ್ಪೆಂಬುದು ನಮ್ಮ ಖಚಿತ ಅಭಿಪ್ರಾಯ. ತಪ್ಪು ಮಾತ್ರವಲ್ಲ, ಜೀವಕ್ಕೆ ಅಪಾಯಕಾರಿ. ಏಕೆಂದರೆ ಹೃದಯದ ರಕ್ತನಾಳದ ಕಾಯಿಲೆ ಆಸ್ಪತ್ರೆಯಲ್ಲಿ ಮುಗಿಯುವಂಥದಲ್ಲ. ಆಸ್ಪತ್ರೆಯಲ್ಲಿ ನಾಲ್ಕಾರು ದಿನ, ಉಳಿದ ಇಪ್ಪತ್ತು ವರ್ಷ ಮನೆಯಲ್ಲಿ ಮತ್ತು ತೋಟದಲ್ಲಿ. ಆ ಇಪ್ಪತ್ತು ವರ್ಷಗಳ ವೈದ್ಯ ರೋಗಿಯೇ. ಅವನಿಗೇ ತಿಳಿವಳಿಕೆ ಇಲ್ಲವೆಂದರೆ ಆರೈಕೆ ನಡೆಸುವವರಾರು?

ಗುಟ್ಟಿನ ಫಲ ಏನಾಗುತ್ತದೆಂಬುದನ್ನು ನಾವೆಲ್ಲರೂ ನಮ್ಮ ನಮ್ಮ ಊರಿನಲ್ಲಿ ಕಂಡಿದ್ದೇವೆ. ಆಪರೇಷನ್ ಆಯಿತು, ನೋವು ಹೋಯಿತು, ಮೂರು ತಿಂಗಳಲ್ಲಿ ಮೈಯಲ್ಲಿ ಕಸುವು ಬಂತು. ಅಷ್ಟರಲ್ಲಿ ಕಾಫಿ ಕೊಯ್ಲು ಬರುತ್ತದೆ, ಅಡಿಕೆ ಸುಲಿತ ಬರುತ್ತದೆ. ಮಾತ್ರೆ ಮುಗಿದಿದೆ, ಪೇಟೆಗೆ ಹೋಗಲು ಪುರಸೊತ್ತಿಲ್ಲ. "ಈಗ ಆರಾಮಿದ್ದೇನಲ್ಲ, ಇನ್ನೆಷ್ಟು ದಿನ ಈ ಗುಳಿಗೆ ನುಂಗುವುದು" ಎಂದು ಯಜಮಾನರು ತಾವೇ ನಿಲ್ಲಿಸಿಬಿಡುತ್ತಾರೆ. ಆರಾಮಿರುವುದು ಆ ಗುಳಿಗೆಯಿಂದಲೇ ಎಂದು ಅವರಿಗೆ ಯಾರೂ ಹೇಳಿಲ್ಲ.

ರೋಗವನ್ನು ತಿಳಿಯುವ ಬಗೆ

ಹೃದಯ ಶರೀರಕ್ಕೆಲ್ಲ ರಕ್ತ ತಳ್ಳುವ ಪಂಪು. ಆ ಪಂಪಿಗೂ ರಕ್ತ ಬೇಕು. ಅದನ್ನು ಒದಗಿಸುವ ಪರಿಧಮನಿಗಳೆಂಬ ರಕ್ತನಾಳಗಳು ಹೃದಯದ ಮೇಲೆಯೇ ಹರಡಿಕೊಂಡಿವೆ. ಮುಖ್ಯವಾದವು ಮೂರು. ಅವುಗಳ ಒಳ ಅಗಲ ಬುಡದಲ್ಲಿ ಮೂರು-ನಾಲ್ಕು ಮಿಲಿಮೀಟರಿನಷ್ಟು ಮಾತ್ರ. ವರ್ಷಗಟ್ಟಲೆ ಈ ನಾಳಗಳ ಗೋಡೆಯೊಳಗೆ ಕೊಬ್ಬು ಸೇರುತ್ತ ಬರುತ್ತದೆ. ಬೀಡಿ-ಸಿಗರೇಟು, ತಂಬಾಕು, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಮನೆತನದಿಂದ ಬಂದ ಗುಣ, ಇವೆಲ್ಲ ಅದಕ್ಕೆ ಗೊಬ್ಬರ.

ಅರೇಬಿಕಾ ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ಕೊರೆಯುತ್ತಿರುವಾಗ ಗಿಡ ಹೊರಗೆ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಕಣ್ಣಿಗೆ ಕಾಣುವ ಹೊತ್ತಿಗೆ ಒಳಗಿನ ಹಾನಿ ಬಹಳ ಆಗಿರುತ್ತದೆ. ಹೃದಯದ ನಾಳವೂ ಹಾಗೆಯೇ. ನಾಳ ಕಿರಿದಾದಾಗ ಏರು ಹತ್ತುವಾಗ, ಭಾರ ಹೊರುವಾಗ, ಉಂಡು ಕೂಡಲೇ ನಡೆಯುವಾಗ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಆದರೆ ಹೃದಯಾಘಾತ ಆಗುವುದು ಬೇರೆ ರೀತಿ. ಗೋಡೆಯೊಳಗಿನ ಕೊಬ್ಬಿನ ಗಂಟು ಒಮ್ಮೆಲೇ ಒಡೆಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಪೂರ್ತಿ ಮುಚ್ಚುತ್ತದೆ. ಒಡೆಯುವ ಗಂಟು ಎಷ್ಟೋ ಸಲ ಅಷ್ಟೇನೂ ಕಿರಿದಾಗಿರದ ಜಾಗದ್ದಾಗಿರುತ್ತದೆ.

ಈ ಒಂದು ಸಂಗತಿ ತಿಳಿದರೆ ಸ್ಟೆಂಟಿನ ಇತಿಮಿತಿಯೂ ತಿಳಿಯುತ್ತದೆ. ಸ್ಟೆಂಟ್ ಒಂದು ಜಾಗದಲ್ಲಿ ನಾಳವನ್ನು ತೆರೆದು ಹಿಡಿಯುವ ಲೋಹದ ಜಾಲರಿ. ಹೃದಯಾಘಾತ ಆಗುತ್ತಿರುವಾಗ ಅದು ಜೀವ ಉಳಿಸುತ್ತದೆ, ಎರಡು ಮಾತಿಲ್ಲ. ಆದರೆ ಉಳಿದ ನಾಳದ ಗೋಡೆಗಳಲ್ಲಿರುವ ರೋಗ ಅದರಿಂದ ಹೋಗುವುದಿಲ್ಲ. ಹುಳು ಬಿದ್ದ ಗಿಡವನ್ನು ಕಿತ್ತು ಸುಡಬಹುದು. ಹೃದಯದ ವಿಚಾರದಲ್ಲಿ ಆ ದಾರಿ ಇಲ್ಲ. ಸ್ಥಿರವಾಗಿರುವ ಎದೆನೋವಿನ ರೋಗಿಗಳಿಗೆ ಔಷಧಿಯ ಜತೆಗೆ ಸ್ಟೆಂಟನ್ನೂ ಹಾಕಿದರೆ ಸಾವು ಕಡಿಮೆಯಾಗುತ್ತದೆಯೇ ಎಂದು ಹೊರದೇಶಗಳಲ್ಲಿ ದೊಡ್ಡ ಅಧ್ಯಯನಗಳು ನಡೆದಿವೆ. 2007ರಲ್ಲಿ ಪ್ರಕಟವಾದ 'ಕರೇಜ್' ಮತ್ತು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯ' ಎಂಬ ಎರಡರಲ್ಲಿಯೂ ಅಂಥವರ ಸಾವಿನ ಸಂಖ್ಯೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಬರಲಿಲ್ಲ. ಎದೆನೋವು ಹೆಚ್ಚು ಇದ್ದವರಿಗೆ ಸ್ಟೆಂಟಿನಿಂದ ನೋವು ಕಡಿಮೆಯಾಯಿತು. ಅಂದರೆ ಮಾತ್ರೆ, ಪಥ್ಯ, ನಡಿಗೆ, ತಂಬಾಕು ಬಿಡುವುದು, ಇವು ಸ್ಟೆಂಟಿನ ಜತೆಯ ಉಪಚಾರಗಳಲ್ಲ. ಇವೇ ಮೂಲ ಚಿಕಿತ್ಸೆ.

ಹೆದರಿಕೆಯ ಮಾತು

ರೋಗಿಗೆ ಹೇಳಿದರೆ ಹೆದರಿಯಾನು ಎಂಬ ಆಕ್ಷೇಪಕ್ಕೆ ನಮ್ಮ ಉತ್ತರ ಇಷ್ಟೇ: ಹೆದರಿಕೆ ಹುಟ್ಟುವುದು ತಿಳಿಯದಿರುವುದರಿಂದ. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಏನಾಯಿತೆಂಬುದನ್ನು ನೆನೆಯೋಣ. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರ ಸಾಲು ಬೆಳೆಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಹಿಂದಿನದಕ್ಕೆ ಹೋಲಿಸಿದರೆ ಅಸಹಜವಾದ ಏರಿಕೆ ಕಾಣುವುದಿಲ್ಲವೆಂದೂ, ತೀರಿಕೊಂಡವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಕಾರಣಗಳು ಮೊದಲೇ ಇದ್ದುವೆಂದೂ ತಿಳಿಸಿತು. ಹೊಸ ರೋಗವೇನೂ ಬಂದಿರಲಿಲ್ಲ. ಇದ್ದ ರೋಗದ ಲೆಕ್ಕ ಇಟ್ಟವರು ಕಡಿಮೆ ಇದ್ದರು, ಅಷ್ಟೆ.

ಮನೆಯಲ್ಲೊಂದು ಲೆಕ್ಕದ ಪುಸ್ತಕ

ಆದುದರಿಂದ ಹೃದ್ರೋಗವಿರುವ ಪ್ರತಿಯೊಂದು ಮನೆಯಲ್ಲೂ ಒಂದು ನೂರು ಪುಟದ ನೋಟುಪುಸ್ತಕ ಇರಬೇಕೆಂದು ನಾವು ಸೂಚಿಸುತ್ತೇವೆ. ಅದು ರೋಗಿಯ ಕೈಯಲ್ಲಿರಬೇಕು. ಓದುಬರಹ ಬಾರದಿದ್ದರೆ ಮೊಮ್ಮಕ್ಕಳು ಬರೆದು ಓದಿ ಹೇಳಲಿ. ಮೊದಲ ಪುಟದಲ್ಲಿ ಯಾವ ದಿನ ಏನಾಯಿತು, ಯಾವ ನಾಳಕ್ಕೆ ಸ್ಟೆಂಟ್ ಹಾಕಿದರು ಎಂಬುದನ್ನು ಬರೆದು, ಇ.ಸಿ.ಜಿ.ಯ ಪ್ರತಿಯೊಂದನ್ನು ಅಂಟಿಸಿಡಬೇಕು. ಮುಂದೆ ರಾತ್ರಿ ಹೊತ್ತಿನಲ್ಲಿ ಯಾವುದೋ ಊರಿನ ವೈದ್ಯರ ಎದುರು ಕುಳಿತಾಗ ಆ ಹಳೆಯ ಇ.ಸಿ.ಜಿ. ಬಹಳ ಉಪಕಾರ ಮಾಡುತ್ತದೆ.

ಎರಡನೆಯ ಪುಟದಲ್ಲಿ ಮಾತ್ರೆಗಳ ಹೆಸರು ಮತ್ತು ಕೆಲಸ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮುಂತಾದವು ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥವು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಇಂಥ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸಬೇಕಾದರೂ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳು ಕೊಲೆಸ್ಟರಾಲ್ ಇಳಿಸುವುದಲ್ಲದೆ ನಾಳದ ಗೋಡೆಯ ಗಂಟು ಒಡೆಯದಂತೆ ಗಟ್ಟಿಮಾಡುತ್ತವೆ. ಇವು ಜೀವನಪರ್ಯಂತದ ಮಾತ್ರೆಗಳು. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿರಿ, ನೀವೇ ಬಿಡಬೇಡಿರಿ. ಇನ್ನೊಂದು ಎಚ್ಚರಿಕೆ: ಸೊಂಟನೋವು, ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್‌ನಂಥ ಮಾತ್ರೆ ತಂದು ನುಂಗುವ ಅಭ್ಯಾಸ ತೋಟದ ಕೆಲಸದವರಲ್ಲಿ ಬಹಳ. ಹೃದ್ರೋಗಿಗೆ ಅದು ಅಪಾಯ.

ಮೂರನೆಯ ಪುಟದಿಂದ ಅಂಕಿಗಳು. ರಕ್ತದ ಒತ್ತಡ 130/80ರ ಒಳಗೆ. ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್.ಡಿ.ಎಲ್., ಡೆಸಿಲೀಟರಿಗೆ 70 ಮಿಲಿಗ್ರಾಂ ಒಳಗೆ, ಈಗ ಅನೇಕ ತಜ್ಞರು 55ರ ಒಳಗೆ ಎನ್ನುತ್ತಾರೆ; ಸಕ್ಕರೆ ಕಾಯಿಲೆ ಇರುವವರಿಗೆ ಮೂರು ತಿಂಗಳ ಸರಾಸರಿಯ ಅಂಕಿ 7ರ ಆಸುಪಾಸು. ವಯಸ್ಸು ಮತ್ತು ಇತರ ಕಾಯಿಲೆಗಳನ್ನು ನೋಡಿ ನಿಮ್ಮ ವೈದ್ಯರು ನಿಮಗೆಂದೇ ಗುರಿ ಹೇಳುತ್ತಾರೆ. ಅದನ್ನು ಕೇಳಿ ಬರೆದಿಡಿರಿ. ಮಳೆಯ ಅಳತೆಯನ್ನು ದಿನದಿನವೂ ಬರೆದಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಇದು ಅದಕ್ಕಿಂತ ಕಷ್ಟದ್ದಲ್ಲ.

ಕವಳ, ಕಾಫಿ ಮತ್ತು ಊಟ

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಈ ಮಾತು ಆಡಲು ಸಂಕೋಚಪಡಬೇಕಾಗಿಲ್ಲವೆಂದು ನಾವು ಭಾವಿಸುತ್ತೇವೆ. ಕವಳದೊಳಗಿನ ಹೊಗೆಸೊಪ್ಪು ಹೃದ್ರೋಗಿಗೆ ಸಂಪೂರ್ಣ ವರ್ಜ್ಯ. ಬೀಡಿ-ಸಿಗರೇಟಿನ ಮಾತಂತೂ ಹೇಳುವುದೇ ಬೇಡ. ಅಡಿಕೆಯ ವಿಷಯದಲ್ಲಿಯೂ ತೈವಾನಿನಲ್ಲಿ ನಡೆದ ಅಧ್ಯಯನಗಳಲ್ಲಿ ಅದನ್ನು ಜಗಿಯುವವರಿಗೆ ಹೃದ್ರೋಗ ಹೆಚ್ಚಾಗಿ ಕಂಡುಬಂದಿದೆ. ಅಲ್ಲಿಯ ಅಡಿಕೆ ತಿನ್ನುವ ಕ್ರಮ ಬೇರೆಯೆಂದು ವಾದಿಸಬಹುದು. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಆ ವಾದವನ್ನು ತಮ್ಮ ಎದೆಯ ಮೇಲೆ ಪರೀಕ್ಷಿಸಬೇಕಾದ ಅಗತ್ಯವಿಲ್ಲ. ನಾವು ಬೆಳೆಯುವುದು ಬೇರೆ, ರೋಗಿ ಜಗಿಯುವುದು ಬೇರೆ.

ಕಾಫಿಯ ಸುದ್ದಿ ಅಷ್ಟು ಕೆಟ್ಟದ್ದಲ್ಲ. ದಿನಕ್ಕೆ ಎರಡು ಮೂರು ಲೋಟ ಕಾಫಿಯಿಂದ ಹೃದಯಕ್ಕೆ ತೊಂದರೆಯಿಲ್ಲವೆಂದೇ ಈಗಿನ ತಿಳಿವಳಿಕೆ. ಆದರೆ ಪುಡಿಯನ್ನು ನೀರಿನಲ್ಲಿ ಕುದಿಸಿ ಹಾಗೆಯೇ ಬಗ್ಗಿಸಿ ಕುಡಿಯುವ ಕಾಫಿಯಲ್ಲಿ ಕೊಲೆಸ್ಟರಾಲ್ ಏರಿಸುವ ಎಣ್ಣೆಯ ಅಂಶ ಉಳಿಯುತ್ತದೆ. ಕಾಗದದಲ್ಲಿ ಸೋಸಿದರೆ ಅದರ ಬಹುಪಾಲು ನಿಲ್ಲುತ್ತದೆ. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು.

ಊಟದಲ್ಲಿ ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆಯಷ್ಟು, ಮೀರಬಾರದು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಪ್ರತಿದಿನ ಎಲೆಗೆ ಬಂದರೆ ಈ ಲೆಕ್ಕ ಕೂಡುವುದಿಲ್ಲ. ತೆಂಗಿನೆಣ್ಣೆ, ತುಪ್ಪ, ಹಂದಿಮಾಂಸದ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತವೆ. ಹಬ್ಬದೂಟಕ್ಕೆ ಅಡ್ಡಿ ಮಾಡಬೇಕೆಂದಲ್ಲ, ದಿನದ ಅಡಿಗೆಯನ್ನು ತಿದ್ದಬೇಕೆಂದು. ಅದೂ ಮನೆಮಂದಿಗೆಲ್ಲ ಒಂದೇ ಅಡಿಗೆಯಾಗಲಿ. ಯಜಮಾನರಿಗೆ ಮಾತ್ರ ಬೇರೆ ಪಾತ್ರೆ ಇಟ್ಟರೆ ಪಥ್ಯ ತಿಂಗಳೊಪ್ಪತ್ತಿನಲ್ಲಿ ಮುರಿಯುತ್ತದೆ. ಅವರ ಮಕ್ಕಳಿಗೂ ಅದೇ ನಾಳಗಳು ಬಂದಿವೆಯೆಂಬುದನ್ನೂ ನೆನಪಿಡಬೇಕು. 'ಬ್ಲಾಕ್ ಕರಗಿಸುವ' ಕಷಾಯಗಳ ಜಾಹೀರಾತು ಈಗ ಎಲ್ಲೆಲ್ಲೂ ಹರಿದಾಡುತ್ತಿದೆ. ಯಾವ ಕಷಾಯವೂ ನಾಳದ ತಡೆಯನ್ನು ಕರಗಿಸಿದ್ದು ರುಜುವಾತಾಗಿಲ್ಲ. ಅದನ್ನು ನಂಬಿ ಮಾತ್ರೆ ಬಿಡುವುದು ಆತ್ಮಘಾತ.

ತೋಟದ ಕೆಲಸ

ರೋಗಿಯನ್ನು ಜಗಲಿಯ ಆರಾಮಕುರ್ಚಿಯಲ್ಲಿ ಕೂರಿಸುವುದೂ ಸರಿಯಲ್ಲ. ವೈದ್ಯರ ಒಪ್ಪಿಗೆ ಪಡೆದು, ಸಮತಟ್ಟು ಜಾಗದಲ್ಲಿ ಹತ್ತು ನಿಮಿಷದಿಂದ ಆರಂಭಿಸಿ, ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆಯುವವರೆಗೆ ಬರಬೇಕು. ಆಮೇಲೆ ಏರುದಾರಿ, ಆಮೇಲೆ ಹಗುರ ಕೆಲಸ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಪೈಪು ಎಳೆಯುವುದು, ಮೂಟೆ ಹೊರುವುದು, ದೋಟಿ ಎತ್ತಿ ಹಿಡಿಯುವುದು, ಇವನ್ನು ವೈದ್ಯರು ಸರಿಯೆಂದ ಮೇಲೆಯೇ. ನಡೆಯುವಾಗ ಎದೆ ಬಿಗಿದರೆ ನಿಲ್ಲಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು, ಮತ್ತು ಮೊದಲು ಫರ್ಲಾಂಗು ನಡೆದಾಗ ಬರುತ್ತಿದ್ದದ್ದು ಈಗ ಅಂಗಳ ದಾಟುವಾಗಲೇ ಬರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎದೆನೋವು ಬಂದಾಗ

ನಮ್ಮ ಮಲೆನಾಡಿನ ದೊಡ್ಡ ಶತ್ರು ದೂರ ಮತ್ತು 'ಗ್ಯಾಸು' ಎಂಬ ಮಾತು. ಎದೆಯ ನಡುವೆ ಭಾರ, ಬಿಗಿತ, ಉರಿ, ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ಏದುಸಿರು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ಆಗ ಜೀರಿಗೆ ಕಷಾಯ, ಸೋಡಾ ಎಂದು ರಾತ್ರಿ ಕಳೆಯಕೂಡದು. ರೋಗಿಯನ್ನು ಕೂರಿಸಿ, ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ನಾಲಗೆಯ ಕೆಳಗಿಡುವ ಮಾತ್ರೆ ಒಂದನ್ನು ಇಡಿರಿ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡವರಿಗೆ, ಒತ್ತಡ ಕುಸಿದು ಕಣ್ಣುಕತ್ತಲೆ ಬರುತ್ತಿರುವವರಿಗೆ ಇದು ಕೂಡದು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ ಹೃದಯಾಘಾತವೆಂದೇ ತಿಳಿದು, ಆಸ್ಪಿರಿನ್ ಒಗ್ಗದವರು ಮತ್ತು ರಕ್ತಸ್ರಾವದ ತೊಂದರೆಯವರನ್ನು ಬಿಟ್ಟು ಉಳಿದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿ, 108ಕ್ಕೆ ಕರೆ ಮಾಡಿರಿ. ಬರುವುದು ತಡವೆಂದಾದರೆ ನೆರೆಯವರ ವಾಹನ ಹೊರಡಿಸಿರಿ. ರೋಗಿ ತಾನೇ ವಾಹನ ಓಡಿಸಬಾರದು.

ಆಸ್ಪಿರಿನ್ ಸಾಮಾನ್ಯ ಮಾತ್ರೆಯೆಂದು ಹಗುರ ಮಾಡಬೇಡಿರಿ. ಹದಿನೇಳು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳನ್ನು ಸೇರಿಸಿ ನಡೆದು 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದೊಂದೇ ಮೊದಲ ಐದು ವಾರಗಳ ಸಾವನ್ನು ಕಾಲುಭಾಗದ ಹತ್ತಿರ ಇಳಿಸಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಜತೆಗೂಡಿದಾಗ ಶೇಕಡಾ 42ರಷ್ಟು ಇಳಿಯಿತು.

ಹೋಗಬೇಕಾದದ್ದು ಎಲ್ಲಿಗೆ? ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಚಾರ್ಮಾಡಿ ಇಳಿದು ಮಂಗಳೂರಿಗೆ ಎಂದು ನೇರ ಹೊರಟರೆ ದಾರಿಯಲ್ಲೇ ಹೊತ್ತು ಹೋಗುತ್ತದೆ. ಮುಚ್ಚಿದ ನಾಳ ತೆರೆಯುವುದು ಗಂಟೆ ಗಂಟೆ ತಡವಾದಂತೆ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ಬಳಿಕ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದೆ ಕಳುಹಿಸುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯೇ ಎಂಬುದನ್ನು ನೋವು ಬರುವ ಮೊದಲೇ ಹೋಗಿ ವಿಚಾರಿಸಿ ಪುಸ್ತಕದಲ್ಲಿ ಬರೆದಿಡಿರಿ.

ಸಂಘದ ಪಾಲು

ಇದೆಲ್ಲ ಮನೆಯವರ ಕೆಲಸವೆಂದು ಸಂಘ ಸುಮ್ಮನಿರುವುದು ನ್ಯಾಯವಲ್ಲ. ಸಹಕಾರಿಗಳಿಗೆಂದೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜೀವ ಪಡೆದಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಅನುಕೂಲ ಅದರಲ್ಲಿದೆ. ನೋಂದಣಿಯ ಅವಧಿ ಮೀರಿದ ಮೇಲೆ ಕಚೇರಿಗೆ ಬಂದು ಪರಿತಪಿಸುವವರನ್ನು ಕಾಣದಿರಬೇಕಾದರೆ ಪ್ರತಿ ವರ್ಷ ಸಂಘವೇ ಮುಂದಾಗಿ ಪ್ರತಿ ಸದಸ್ಯನಿಗೂ ಸೂಚನೆ ಕಳುಹಿಸತಕ್ಕದ್ದು. ಆಸ್ಪತ್ರೆಯ ಖರ್ಚು ಯೋಜನೆ ಕೊಟ್ಟರೂ ದಿನದ ಮಾತ್ರೆಯ ಖರ್ಚು ಕೊಡುವುದಿಲ್ಲ. ಹತ್ತಿರದ ಜನೌಷಧಿ ಕೇಂದ್ರದಿಂದ ಕಡಿಮೆ ಬೆಲೆಯ ಮಾತ್ರೆಗಳನ್ನು ತಿಂಗಳಿಗೊಮ್ಮೆ, ಗೊಬ್ಬರದ ಲಾರಿಯ ಜತೆಗೇ ತರಿಸಿ ಹಂಚುವುದು ಸಂಘಕ್ಕೆ ಅಸಾಧ್ಯವೇನಲ್ಲ. ಕೊಯ್ಲಿನ ಕಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿಯ ವೈದ್ಯರು ಕಳುಹಿಸುವ ಇ.ಸಿ.ಜಿ.ಗಳನ್ನು ವಾಟ್ಸಾಪಿನಲ್ಲಿ ನೋಡಿ ಸಲಹೆ ಕೊಡುವ ಏರ್ಪಾಟು ನಡೆಸುತ್ತ ಬಂದಿದ್ದಾರೆ. ಒಬ್ಬ ವೈದ್ಯರು ಮನಸ್ಸು ಮಾಡಿದಾಗ ಇಷ್ಟು ಆಗಬಹುದಾದರೆ, ಸಾವಿರಾರು ಸದಸ್ಯರ ಸಂಘಗಳು ತಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇಂಥ ಒಂದು ಯಂತ್ರ ಇದೆಯೇ, ಇದ್ದರೆ ನಡೆಯುತ್ತಿದೆಯೇ ಎಂದಾದರೂ ಕೇಳಬೇಡವೇ?

ಕಡೆಯದಾಗಿ, ಲೈನುಮನೆಗಳಲ್ಲಿರುವ ಕಾರ್ಮಿಕರ ಮಾತು. ಅವರಿಗೆ ಬೆಂಗಳೂರಿನಲ್ಲಿ ಕಾಗದಪತ್ರ ನೋಡುವ ಮಗನಿಲ್ಲ. ಕೂಲಿ ತಪ್ಪೀತೆಂದು ಎದೆನೋವನ್ನು ಹೇಳದೆ ಕೆಲಸಕ್ಕೆ ಬರುವವರಿದ್ದಾರೆ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸುವುದು, ಆ ದಿನದ ಕೂಲಿ ಕೊಡುವುದು, ರಾತ್ರಿ ಕರೆದರೆ ಜೀಪು ಹೊರಡಿಸುವುದು, ಇಷ್ಟು ತೋಟದ ಯಜಮಾನನ ಕರ್ತವ್ಯವೆಂದು ನಾವು ತಿಳಿಯುತ್ತೇವೆ. ಮನೆಯ ಹಿರಿಯರಿಗೆ ಕೊಡುವ ನೋಟುಪುಸ್ತಕ ಅವರಿಗೂ ಒಂದು ಸಿಗಲಿ.

ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಸದಸ್ಯರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲಿ ಹೃದ್ರೋಗಿಗಳಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಕಾಗದಪತ್ರಗಳನ್ನು ಅವರ ಮುಂದಿಟ್ಟು, ಒಂದೊಂದಾಗಿ ಓದಿ ಹೇಳಿರಿ.